ಬರೀ ಗಾಂಧಾರ ಎಲ್ಲಿದೆ?

"ಬರೀ ಗಾಂಧಾರ ಅಂದ್ರೆ ಯಾವುದೋ? ತೋಡಿಯದ್ದೋ, ಖರಹರಪ್ರಿಯದ್ದೋ?"

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಮೈಸೂರಿನ ಕೃಷ್ಣಮೂರ್ತಿಪುರಂನ ಮನೆಯ ನಡುಮನೆಯಲ್ಲಿ ದೊಡ್ಡತ್ತೆ ಕೇಳಿದ ಪ್ರಶ್ನೆ ಇದು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಎರವಲು ತಂದ ಮೈಕನ್ನು ವೀಣೆಯ ಕೊಡದ ಎದುರು ನಿಲ್ಲಿಸಿ ಕೂತಿದ್ದೆ. ಷಡ್ಜ ಆಗಿತ್ತು, ರಿಷಭ ಆಗಿತ್ತು. "ಈಗ ಸಾಧಾರಣ ಗಾಂಧಾರ ಒಂದು ಮೀಟಿ ಸುಮ್ಮನಾಗಿ, ನಾದ ಪೂರ್ತಿ ಆರುವವರೆಗೆ ಕೈ ಇಡಬೇಡಿ" ಎಂದಿದ್ದೆ. ಐವತ್ತು ವರ್ಷ ವೀಣೆ ನುಡಿಸಿದ ಅವರಿಗೆ ನನ್ನ ಕೋರಿಕೆ ಅರ್ಥವಾಗಲಿಲ್ಲ ಎಂದು ಮೊದಲು ಅನ್ನಿಸಿತು. ಅರ್ಥವಾಗದಿದ್ದದ್ದು ನನಗೆ ಎಂಬುದು ತಿಳಿಯಲು ಕೆಲವು ವಾರ ಬೇಕಾದವು.

ಸಂದರ್ಭ ಇಷ್ಟೆ. ಗೆಳೆಯರ ಹವ್ಯಾಸಿ ತಂಡವೊಂದು ನಾಟಕ ಕಟ್ಟುತ್ತಿತ್ತು. ಸಂಗೀತ ನನ್ನ ಪಾಲಿಗೆ ಬಂದಿತ್ತು. ವೀಣೆ ಬೇಕು, ಪ್ರತಿ ತಾಲೀಮಿಗೂ ವೈಣಿಕರನ್ನು ಕರೆಸುವ ಶಕ್ತಿ ತಂಡಕ್ಕಿಲ್ಲ. ದೊಡ್ಡತ್ತೆಯ ವೀಣೆಯ ಒಂದೊಂದೇ ಸ್ವರವನ್ನು ಧ್ವನಿಮುದ್ರಿಸಿ ಕಂಪ್ಯೂಟರಿನ ಸ್ಯಾಂಪ್ಲರಿಗೆ ಹಾಕಿ, ಕೀಬೋರ್ಡಿನಿಂದ ನುಡಿಸುವುದು ಎಂದಾಯಿತು. ಉಳಿದದ್ದು ಯಾವ ಸ್ಯಾಂಪ್ಲರ್ ಎಂಬ ಪ್ರಶ್ನೆ. ಬೆಲೆ, ಮೆಮೊರಿ, ಅನುಕೂಲ ನೋಡಿ ಒಂದನ್ನು ಆರಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಕಾವ್ಯವಾಚನದ ಮೇಲೆ ಸಂಶೋಧನೆ ಮಾಡುವವನಿಗೆ ಇದು ತಾಂತ್ರಿಕ ಪ್ರಶ್ನೆ ಮಾತ್ರ ಅಲ್ಲ ಎಂದು ಹೊಳೆಯಲು ದೊಡ್ಡತ್ತೆಯ ಮರುಪ್ರಶ್ನೆಯೇ ಬೇಕಾಯಿತು.

ಸ್ಯಾಂಪ್ಲರ್ ಎಂದರೇನು ಎಂದು ರೈಲು ನಿಲ್ದಾಣದ ಪ್ರಕಟಣೆ ಕೇಳಿದವರಿಗೆಲ್ಲ ಗೊತ್ತು. ಯಾರೋ ಒಬ್ಬರು ಎಂದೋ ಒಂದು ದಿನ ಸ್ಟುಡಿಯೊದಲ್ಲಿ ಕೂತು ಒಂದರಿಂದ ಹತ್ತರವರೆಗೆ, ಊರುಗಳ ಹೆಸರು, 'ಪ್ಲಾಟ್‌ಫಾರಂ', 'ಬರಲಿದೆ', 'ಹೊರಡಲಿದೆ' ಎಂದು ಬಿಡಿಬಿಡಿಯಾಗಿ ಹೇಳಿಟ್ಟಿದ್ದಾರೆ. ಯಂತ್ರ ಅವನ್ನು ಪೋಣಿಸುತ್ತದೆ. ಪ್ರತಿ ಪದವೂ ಮನುಷ್ಯರದೇ, ವಾಕ್ಯ ಮಾತ್ರ ಯಾರದೂ ಅಲ್ಲ. ಗಾಡಿಯ ಸಂಖ್ಯೆ ಹೇಳುವಾಗ ಮೊದಲ ಅಂಕಿಗೂ ಕೊನೆಯ ಅಂಕಿಗೂ ಒಂದೇ ಏರಿಳಿತ. ಸಂಗೀತದ ಸ್ಯಾಂಪ್ಲರ್ ಮಾಡುವುದೂ ಇದನ್ನೇ. ವಾದ್ಯದ ಒಂದೊಂದು ಸ್ವರವನ್ನು ಕೀಬೋರ್ಡಿನ ಒಂದೊಂದು ಕೀಲಿಗೆ ಕಟ್ಟುತ್ತದೆ, ಕೀಲಿ ಒತ್ತಿದಾಗ ಆ ಮುದ್ರಣವನ್ನು ಹೊರಡಿಸುತ್ತದೆ. 1979ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಫೇರ್‌ಲೈಟ್ ಎಂಬ ಯಂತ್ರ ಡಿಜಿಟಲ್ ರೂಪದಲ್ಲಿ ಇದನ್ನು ಸಂಗೀತಗಾರರ ಕೈಗೆ ಕೊಟ್ಟಿತು. ಆಗ ಅದು ಅರೆಗಳಿಗೆಯ ದನಿಯನ್ನಷ್ಟೇ ಹಿಡಿಯಬಲ್ಲದಾಗಿತ್ತು, ಶ್ರೀಮಂತರಿಗಷ್ಟೇ ಎಟುಕುತ್ತಿತ್ತು. ಇವತ್ತು ಅದಕ್ಕಿಂತ ಎಷ್ಟೋ ಪಾಲು ಸಮರ್ಥವಾದ ಸ್ಯಾಂಪ್ಲರ್ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಬಿಟ್ಟಿಯಾಗಿ ಕೂತಿದೆ.

ಅಂದರೆ ಸ್ಯಾಂಪ್ಲರ್ ಒಂದು ನಿಘಂಟು. ಇಲ್ಲಿಂದಲೇ ತೊಡಕು ಶುರು. ಭಾಷೆ ನಿಘಂಟಿನಲ್ಲಿಲ್ಲ, ಪದ ಪದಕ್ಕೆ ತಾಗುವ ಜಾಗದಲ್ಲಿದೆ. ಹೈಸ್ಕೂಲಿನಲ್ಲಿ ಕಲಿತ ಸಂಧಿಯನ್ನು ನೆನೆಯಿರಿ. 'ಊರು' ಮತ್ತು 'ಇಂದ' ಸೇರಿದರೆ ನಡುವಿನ ಉಕಾರ ಹೋಗುತ್ತದೆ. 'ಮಳೆ' ಮತ್ತು 'ಕಾಲ' ಸೇರಿದರೆ ಕಕಾರ ಗಕಾರವಾಗುತ್ತದೆ. 'ಮನೆ' ಮತ್ತು 'ಅನ್ನು' ಸೇರಿದರೆ ಎರಡರಲ್ಲೂ ಇಲ್ಲದ ಯಕಾರವೊಂದು ಎಲ್ಲಿಂದಲೋ ಬಂದು ಕೂರುತ್ತದೆ. ಲೋಪ, ಆದೇಶ, ಆಗಮ. ಕರ್ನಾಟಕ ಸಂಗೀತದ ಗಮಕ ನನಗೆ ಸ್ವರಗಳ ಸಂಧಿಯಂತೆ ಕೇಳಿಸುತ್ತದೆ. ತೋಡಿಯ ಗಾಂಧಾರ ಕೀಬೋರ್ಡಿನ ಒಂದು ಕೀಲಿಯ ಮೇಲೆ ನಿಲ್ಲುವ ಸ್ವರವಲ್ಲ. ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗುತ್ತ, ತೂಗಾಟವೇ ತಾನಾಗಿರುವ ಸ್ವರ. ಖರಹರಪ್ರಿಯದ ಗಾಂಧಾರವೂ ಹೆಸರಿಗೆ ಅದೇ ಸಾಧಾರಣ ಗಾಂಧಾರ, ಕೀಬೋರ್ಡಿನಲ್ಲಿ ಅದೇ ಕೀಲಿ. ತೂಗುವ ಬಗೆ ಬೇರೆ, ಹಾಗಾಗಿ ಸ್ವರವೇ ಬೇರೆ. ದೊಡ್ಡತ್ತೆ ಕೇಳಿದ್ದು ಇದನ್ನು. ವಾಕ್ಯ ಯಾವುದೆಂದು ಹೇಳದೆ ಪದವನ್ನು ಹೇಗೆ ಉಚ್ಚರಿಸಲಿ?

'ಗಮಕ' ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಬಾಳು. ಸಂಗೀತದಲ್ಲಿ ಅದು ಸ್ವರದ ಚಲನೆ. ಸಾಹಿತ್ಯದಲ್ಲಿ ಕಾವ್ಯವನ್ನು ರಾಗದಲ್ಲಿ, ತಾಳದ ಕಟ್ಟಿಲ್ಲದೆ ಓದುವ ಕಲೆ. ಕುಮಾರವ್ಯಾಸನ ಷಟ್ಪದಿಯನ್ನು ಓದುವ ಗಮಕಿ ಪದವನ್ನು ಎಲ್ಲಿ ಬಿಡಿಸುತ್ತಾರೆ, ಎಲ್ಲಿ ಕೂಡಿಸುತ್ತಾರೆ, ಯಾವ ಅಕ್ಷರದ ಮೇಲೆ ತಂಗುತ್ತಾರೆ ಎಂಬುದರಲ್ಲೇ ಅರ್ಥ ಹೊಮ್ಮುತ್ತದೆ. ಕಣ್ಣು ಮುಂದಿನ ಸಾಲಿನಲ್ಲಿದ್ದು ದನಿ ಹಿಂದಿನ ಪದದಲ್ಲಿರುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದು ಹೊಸ ಜಗಳವಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ತನ್ನ ಸ್ಟುಡಿಯೊಗಳಿಂದ ಹೊರಗಿಟ್ಟಿತು. ನಿಷೇಧ ಮೂರು ದಶಕ ನಡೆಯಿತು. ಒಂದು ಆಕ್ಷೇಪ ರಾಜಕೀಯದ್ದು, ಅದು ಪರದೇಶದ ವಾದ್ಯ ಎಂಬುದು. ಇನ್ನೊಂದು ಸಂಗೀತದ್ದು, ಅದರ ಕೀಲಿಗಳು ಸ್ವರಗಳ ನಡುವಿನ ದಾರಿಯನ್ನು ಕಡಿದುಹಾಕುತ್ತವೆ ಎಂಬುದು. ಎರಡನೆಯದು ಇವತ್ತಿನ ಸ್ಯಾಂಪ್ಲರಿಗೂ ಅಕ್ಷರಶಃ ಸಲ್ಲುತ್ತದೆ. ಆದರೆ ಅದೇ ಸಂಗೀತ ಲೋಕ ಬೆಂಗಳೂರಿನ ರೇಡೆಲ್‌ನಂಥವರು ತಯಾರಿಸಿದ ಎಲೆಕ್ಟ್ರಾನಿಕ್ ತಂಬೂರಿಯನ್ನು ಹೆಚ್ಚು ರಗಳೆಯಿಲ್ಲದೆ ಮನೆಮನೆಗೆ, ವೇದಿಕೆ ವೇದಿಕೆಗೆ ಬರಮಾಡಿಕೊಂಡಿತು. ಯಾಕೆ? ತಂಬೂರಿಯಲ್ಲಿ ಸ್ವರ ನಡೆಯುವುದಿಲ್ಲ, ನಿಲ್ಲುತ್ತದೆ. ಷಡ್ಜ ಪಂಚಮಗಳು ಅಚಲ ಸ್ವರಗಳು. ನಿಂತದ್ದನ್ನು ಯಂತ್ರಕ್ಕೆ ಒಪ್ಪಿಸಲು ನಮಗೆ ಅಡ್ಡಿಯಿರಲಿಲ್ಲ, ನಡೆಯುವುದನ್ನು ಒಪ್ಪಿಸಲು ಇತ್ತು.

ಹಾಗೆಂದು ಕೀಲಿಯಿರುವ ವಾದ್ಯಕ್ಕೆಲ್ಲ ಗಮಕ ಒಲಿಯುವುದಿಲ್ಲ ಎಂದರೆ ಮೈಸೂರೇ ಒಪ್ಪುವುದಿಲ್ಲ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಮೊದಲು ಕೇಳಿ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಅದೂ ಕೀಲಿಗಳ ವಾದ್ಯವೇ. ಆದರೆ ಅಲ್ಲಿ ತುಟಿ ಇದೆ, ಉಸಿರಿದೆ. ಕೀಲಿ ಹೇಳಿದ ಸ್ವರವನ್ನು ದೇಹ ಬಗ್ಗಿಸಬಹುದು. ಆದ್ದರಿಂದ ಸ್ಯಾಂಪ್ಲರನ್ನು ಅಳೆಯುವಾಗ ಅದರಲ್ಲಿ ಎಷ್ಟು ಸಾವಿರ ದನಿಗಳಿವೆ ಎಂಬ ಪ್ರಶ್ನೆ ದೊಡ್ಡದಲ್ಲ. ಧ್ವನಿ ಹೊರಟ ಮೇಲೆ ನುಡಿಸುವವರ ಕೈಗೆ ಅದರೊಳಗೆ ಎಷ್ಟು ಜಾಗ ಉಳಿದಿದೆ ಎಂಬುದೇ ದೊಡ್ಡದು.

ಆ ಸಾವಿರಗಳ ಲೆಕ್ಕವನ್ನೇ ಒಮ್ಮೆ ನೋಡೋಣ. ವೀಣೆಗೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ನುಡಿಸುವ ತಂತಿ ನಾಲ್ಕು. ಒಟ್ಟು 96 ಸ್ಥಾನ. ಪ್ರತಿಯೊಂದನ್ನೂ ಮೆಲ್ಲಗೆ, ನಡುವೆ, ಜೋರಾಗಿ ಎಂದು ಮೂರು ಬಗೆಯಲ್ಲಿ ಮೀಟಬೇಕು. ಯಂತ್ರದ ಏಕತಾನ ಕಿವಿಗೆ ಬೀಳದಿರಲು ಪ್ರತಿ ಬಗೆಯನ್ನು ನಾಲ್ಕು ಸಲ ಮುದ್ರಿಸಿ ಸರದಿಯ ಮೇಲೆ ಬಳಸಬೇಕು. ಅಲ್ಲಿಗೆ 1152 ಮೀಟು. ಒಂದೊಂದು ಆರಲು ಎಂಟು ಸೆಕೆಂಡು ಎಂದರೂ ಎರಡೂವರೆ ಗಂಟೆಯ ಶುದ್ಧ ಮುದ್ರಣ, ಎರಡೂವರೆ ಜಿಬಿಗಿಂತ ಹೆಚ್ಚು ಕಡತ. ಇಷ್ಟೆಲ್ಲ ಮಾಡಿದ ಮೇಲೂ ಕೈಗೆ ಬಂದ ಗಮಕ ಎಷ್ಟು? ಒಂದೂ ಇಲ್ಲ.

"ಮೈಸೂರು ಬಾನಿಗೆ ಅಷ್ಟು ಎಳೆತ ಎಲ್ಲಿದೆ?" ಎಂದು ತಿಳಿದವರು ಕೇಳಬಹುದು. ವೀಣೆ ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಬಂದ ಈ ಬಾನಿ ಹಾಡುಗಾರಿಕೆಯ ನೆರಳಿನಂತೆ ನಡೆಯುವ ಶೈಲಿಯಲ್ಲ. ಮೀಟಿನ ಸ್ಪಷ್ಟತೆ, ವಾದ್ಯದ್ದೇ ಆದ ನಾದ ಅದರ ಹೆಚ್ಚುಗಾರಿಕೆ. ಹಾಗಾದರೆ ಬಿಡಿ ಮೀಟುಗಳ ಸ್ಯಾಂಪ್ಲರಿಗೆ ಇದು ಹೇಳಿ ಮಾಡಿಸಿದ್ದಲ್ಲವೆ? ನನಗೂ ಹಾಗೇ ಅನ್ನಿಸಿತ್ತು. ಮುದ್ರಿಸಿದ್ದನ್ನು ಕೂತು ಕೇಳಿದಾಗ ಗೊತ್ತಾದದ್ದೆಂದರೆ, ಮೀಟು ಕಡಿಮೆ ಚಲಿಸುತ್ತದೆ ಎಂದ ಮಾತ್ರಕ್ಕೆ ಬಿಡಿಯಾಗಿಲ್ಲ. ಆರೋಹಣದಲ್ಲಿ ಮಧ್ಯಮಕ್ಕೆ ಬೀಳುವ ಬೆರಳಿನ ತೂಕ ಅವರೋಹಣದಲ್ಲಿಲ್ಲ. ದೊಡ್ಡತ್ತೆಗೇ ಇದು ಗೊತ್ತಿರಲಿಲ್ಲ. ಕೇಳಿಸಿದಾಗ "ಹೌದಲ್ವೋ" ಎಂದು ನಕ್ಕರು.

ಈಗ ಆಯ್ಕೆಗೆ ಬರೋಣ. ಪೇಟೆಯಲ್ಲಿರುವುದು ಹತ್ತಾರು. ಆದರೆ ನಾನು ಕೈಯಾಡಿಸಿದವುಗಳ ಹಿಂದೆ ಮೂರು ನಿಲುವುಗಳು ಕಂಡವು.

ಮೊದಲನೆಯದು ನುಡಿಗಟ್ಟುಗಳ ಕೋಶ. ಬಿಡಿ ಸ್ವರದ ಸಹವಾಸವೇ ಬೇಡ, ಕಲಾವಿದರು ನುಡಿಸಿದ ಇಡೀ ಸಂಚಾರಗಳನ್ನೇ ಮುದ್ರಿಸಿ ಕೀಲಿಗೆ ಕಟ್ಟುವುದು. ಇಲ್ಲಿ ಗಮಕ ಇದೆ, ಜೀವಂತವಾಗಿಯೇ ಇದೆ. ಆದರೆ ಅದು ಇನ್ನೊಬ್ಬರ ವಾಕ್ಯ. ಮದುವೆಯ ಕರೆಯೋಲೆ ಮುದ್ರಿಸುವ ಅಂಗಡಿಯಲ್ಲಿ ಆಲ್ಬಂ ತೋರಿಸಿ "ಇದರಲ್ಲಿ ಯಾವ ಒಕ್ಕಣೆ ಹಾಕಲಿ?" ಎಂದು ಕೇಳಿದಂತೆ. ಸಿನಿಮಾ, ಜಾಹೀರಾತುಗಳ ಹಿನ್ನೆಲೆಯಲ್ಲಿ ಒಂದೇ ಸಿತಾರಿನ ಒಂದೇ ಪಲುಕು ಪದೇಪದೇ ಕೇಳಿದಂತಾಗುವುದು ಇದರಿಂದಲೇ. ಬರ್ಲಿನ್ನಿನ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಒಂದು ಸಂಗ್ರಹದ ಹೆಸರೇ 'ಇಂಡಿಯಾ'. ಅದು ಸೇರಿದ್ದ ಮಾಲೆಯ ಹೆಸರು 'ಡಿಸ್ಕವರಿ ಸೀರೀಸ್'. ಸಾಹಿತ್ಯದ ವಿದ್ಯಾರ್ಥಿಗಳು ಈ ಎರಡು ಪದಗಳ ಮೇಲೆ ಒಂದು ಗಂಟೆ ಮಾತಾಡಬಲ್ಲರು, ನಾನು ಮುಂದೆ ಹೋಗುತ್ತೇನೆ.

ಎರಡನೆಯದು ವ್ಯಾಕರಣವನ್ನೂ ಒಳಗೊಂಡ ದೊಡ್ಡ ಕೋಶ. ಅದೇ ಕಂಪನಿ 2002ರಲ್ಲಿ ಹೊರತಂದ ಕಾಂಟ್ಯಾಕ್ಟ್ ಇವತ್ತು ಈ ಲೋಕದ ರಾಜಭಾಷೆ. ಹೆಚ್ಚಿನ ಮಾರಾಟದ ಸಂಗ್ರಹಗಳು ಅದರಲ್ಲೇ ಬರುತ್ತವೆ. ಅದರ ನಿಜವಾದ ಬಲ ಒಳಗಿರುವ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಹಿಂದೆ ಯಾವ ಸ್ವರ ಬಂತು, ಎಷ್ಟು ಹೊತ್ತಾಯಿತು, ಕೈ ಎಷ್ಟು ಬಿಗಿಯಾಗಿತ್ತು ಎಂಬುದನ್ನೆಲ್ಲ ಲೆಕ್ಕ ಹಾಕಿ ಮುಂದಿನ ದನಿಯನ್ನು ಆರಿಸುವಂತೆ ಬರೆಯಬಹುದು. ಸಂಧಿ ಸೂತ್ರಗಳನ್ನೇ ಬರೆದಂತೆ. ಆದರೆ ಪೂರ್ಣ ಆವೃತ್ತಿಯ ಬೆಲೆ ಸುಮಾರು 300 ಡಾಲರ್. ಬಿಟ್ಟಿ ಸಿಗುವ ಕಾಂಟ್ಯಾಕ್ಟ್ ಪ್ಲೇಯರಿನಲ್ಲಿ ಕಂಪನಿಯ ಪರವಾನಗಿ ಪಡೆದ ಸಂಗ್ರಹಗಳಷ್ಟೇ ಪೂರ್ತಿ ತೆರೆಯುತ್ತವೆ. ನಾವೇ ಮಾಡಿದ್ದನ್ನು ಹಾಕಿದರೆ ಹದಿನೈದು ನಿಮಿಷಕ್ಕೆ ನಿಂತುಹೋಗುತ್ತದೆ. ದೊಡ್ಡತ್ತೆಯ ತೋಡಿ ಆಲಾಪನೆ ಆಗತಾನೆ ಬಿಸಿಯೇರುವ ಹೊತ್ತು ಅದು. ನನ್ನ ಅತ್ತೆಯ ವೀಣೆಯನ್ನು ಕೇಳಲು ಬರ್ಲಿನ್ನಿನ ಅಪ್ಪಣೆ ಬೇಕೆಂಬ ಈ ಸ್ಥಿತಿ ತಮಾಷೆಯಾಗಿಯೂ ಇದೆ, ಕಸಿವಿಸಿಯಾಗಿಯೂ ಇದೆ. ಮ್ಯಾಕ್ ಬಳಸುವವರಿಗೆ ಲಾಜಿಕ್‌ನ ಜೊತೆಗೇ ಬರುವ ಸ್ಯಾಂಪ್ಲರ್ ಇದೆ. 2020ರಲ್ಲಿ ಹೊಸದಾಗಿ ಕಟ್ಟಿದ್ದು, ಕಲಿಯಲು ಸುಲಭ. ಆದರೆ ಆ ಕಂಪ್ಯೂಟರ್ ಇಲ್ಲದ ಗೆಳೆಯನಿಗೆ ಅದನ್ನು ದಾಟಿಸುವಂತಿಲ್ಲ.

ಮೂರನೆಯದು ತೆರೆದ ಓಲೆಗರಿ. ಡೀಸೆಂಟ್ ಸ್ಯಾಂಪ್ಲರ್ ಎಂಬ ಬಿಟ್ಟಿ ತಂತ್ರಾಂಶ, ಎಸ್‌ಎಫ್‌ಝಡ್ ಎಂಬ ಕಡತ ರೂಪ, ಅದನ್ನು ನುಡಿಸುವ ಸ್ಫೊರ್ಟ್ಸಾಂಡೊ ಎಂಬ ಇನ್ನೊಂದು ಬಿಟ್ಟಿ ತಂತ್ರಾಂಶ ಈ ಗುಂಪಿನವು. ಇವುಗಳಲ್ಲಿ ವಾದ್ಯದ ನಕ್ಷೆ ಒಂದು ಸಾದಾ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾವ ಮುದ್ರಣ ಯಾವ ಕೀಲಿಗೆ, ಎಷ್ಟು ಒತ್ತಿದರೆ ಯಾವುದು ಎಂದು ಸಾಲುಸಾಲಾಗಿ ಓದಬಹುದು, ತಿದ್ದಬಹುದು. ನೋಡಲು ಚಂದವಿಲ್ಲ. ಕಾಂಟ್ಯಾಕ್ಟಿನಷ್ಟು ಜಾಣತನವೂ ಇಲ್ಲ. ಆದರೂ ನಾನು ನಿಂತದ್ದು ಇಲ್ಲಿ, ಮತ್ತು ಅದಕ್ಕೆ ಎರಡು ಕಾರಣ.

ಒಂದು ಕಾರಣ ಉಳಿವು. 1998ರಲ್ಲಿ ಗಿಗಾಸ್ಯಾಂಪ್ಲರ್ ಎಂಬ ತಂತ್ರಾಂಶ ಬಂತು. ದನಿಯನ್ನು ಮೆಮೊರಿಗೆ ತುಂಬದೆ ನೇರ ಹಾರ್ಡ್‌ಡಿಸ್ಕಿನಿಂದ ಓದುವ ಉಪಾಯ ಅದರದು. ತಂತಿಯ ನಾದ ಆರುವವರೆಗೂ ತುಂಡರಿಸದೆ ಕೇಳುವುದು ಇದರಿಂದ ಸಾಧ್ಯವಾಯಿತು. ಅನೇಕರು ತಮ್ಮ ಸಂಗ್ರಹಗಳನ್ನೆಲ್ಲ ಅದರಲ್ಲಿ ಕಟ್ಟಿದರು. 2008ರಲ್ಲಿ ಆಗಿನ ಒಡೆಯರಾದ ಟಾಸ್ಕಾಂ ಕಂಪನಿ ಅದನ್ನು ನಿಲ್ಲಿಸಿಬಿಟ್ಟಿತು. ಹತ್ತು ವರ್ಷದ ಆಯಸ್ಸು. ಮೈಸೂರಿನವರಿಗೆ ಇದರ ಅರ್ಥ ಬೇಗ ಆಗಬೇಕು. ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಶಾಮಶಾಸ್ತ್ರಿಗಳು ಅರ್ಥಶಾಸ್ತ್ರದ ಓಲೆಗಳನ್ನು ಗುರುತಿಸಿ ಓದಲು ಸಾಧ್ಯವಾದದ್ದು ಓಲೆ ಉಳಿದಿತ್ತು ಎಂಬುದರಿಂದ ಮಾತ್ರವಲ್ಲ, ಅದರ ಲಿಪಿ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ ಎಂಬುದರಿಂದಲೂ ಹೌದು. ದೊಡ್ಡತ್ತೆಗೆ ಈಗ ಎಪ್ಪತ್ತನಾಲ್ಕು. ಬೆರಳ ಗಂಟುಗಳು ಬಿಗಿಯುತ್ತಿವೆ. ಈ ಮೀಟುಗಳನ್ನು ಇನ್ನೊಮ್ಮೆ ಮುದ್ರಿಸುವ ಅವಕಾಶ ಬರಲಿಕ್ಕಿಲ್ಲ. ಅವನ್ನು ಕಂಪನಿಯೊಂದರ ಆಯಸ್ಸಿಗೆ ಗಂಟು ಹಾಕಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ಕಾರಣ ಎಸ್‌ಎಫ್‌ಝಡ್‌ನ ಒಂದೇ ಒಂದು ಆದೇಶ. 'ಎಸ್‌ಡಬ್ಲ್ಯು ಪ್ರೀವಿಯಸ್' ಎಂದು ಅದರ ಹೆಸರು. ಹಿಂದಿನ ಸ್ವರ ಇಂಥದ್ದಾಗಿದ್ದರೆ ಮಾತ್ರ ಈ ಮುದ್ರಣವನ್ನು ನುಡಿಸು ಎಂದು ಅದು ಹೇಳುತ್ತದೆ. ರಿಷಭದಿಂದ ಬಂದ ಗಾಂಧಾರಕ್ಕೆ ಒಂದು ಮುದ್ರಣ, ಮಧ್ಯಮದಿಂದ ಇಳಿದು ಬಂದ ಗಾಂಧಾರಕ್ಕೆ ಇನ್ನೊಂದು. ದೊಡ್ಡತ್ತೆಯ ಬಳಿ ಮತ್ತೆ ಹೋದೆ. ಈ ಸಲ ಬರೀ ಗಾಂಧಾರ ಕೇಳಲಿಲ್ಲ. "ತೋಡಿಯಲ್ಲಿ ರಿಷಭದಿಂದ ಗಾಂಧಾರಕ್ಕೆ ಹೋಗಿ ನಿಲ್ಲಿ" ಎಂದೆ. "ಹಾಗೆ ಕೇಳು" ಎಂದು ಅವರು ವೀಣೆ ಎತ್ತಿಕೊಂಡರು.

ಪಿಚ್ ಬೆಂಡ್ ಗಾಲಿ ಇರುವಾಗ ಇಷ್ಟೆಲ್ಲ ಯಾಕೆ ಎಂದು ಕೀಬೋರ್ಡ್ ನುಡಿಸುವವರು ಕೇಳಬಹುದು. ಗಾಲಿಯನ್ನು ಪಳಗಿಸಿಕೊಂಡು ಕಚೇರಿಯನ್ನೇ ನಡೆಸುವವರಿದ್ದಾರೆ, ಅವರ ಸಾಧನೆ ದೊಡ್ಡದು. ಆದರೆ ಮುದ್ರಿಸಿದ ವೀಣೆಯ ಮೇಲೆ ಗಾಲಿ ತಿರುಗಿಸಿದಾಗ ಏನೋ ಎಡವಟ್ಟಾಗಿ ಕೇಳುತ್ತದೆ. ಕಾರಣ ಸರಳ. ನಿಜವಾದ ವೀಣೆಯಲ್ಲಿ ಎಳೆದಾಗ ಬಿಗಿಯಾಗುವುದು ತಂತಿ. ಹಲಸಿನ ಮರದ ಕೊಡ ಇದ್ದಂತೆಯೇ ಇರುತ್ತದೆ, ಅದರ ಅನುರಣನ ಬದಲಾಗುವುದಿಲ್ಲ. ಸ್ಯಾಂಪ್ಲರಿನ ಗಾಲಿ ಮುದ್ರಣವನ್ನೇ ವೇಗವಾಗಿ ಓಡಿಸುತ್ತದೆ. ತಂತಿಯ ಜೊತೆ ಕೊಡವೂ ಮೇಲೇರುತ್ತದೆ, ಮರವೇ ಗಳಿಗೆಗೊಮ್ಮೆ ಹಿಗ್ಗಿ ಕುಗ್ಗಿದಂತೆ. ಅರ್ಧ ಸ್ವರದಷ್ಟಕ್ಕೆ ಕಿವಿ ಮನ್ನಿಸುತ್ತದೆ, ತೋಡಿಯ ತೂಗಾಟಕ್ಕೆ ಮನ್ನಿಸುವುದಿಲ್ಲ.

ಹಾಗಾದರೆ ತೆರೆದ ಕಡತ ಗೆದ್ದಿತೆ? ಪೂರ್ತಿ ಇಲ್ಲ. ಗಮಕಿಯ ಕಣ್ಣು ಮುಂದಿನ ಸಾಲಿನಲ್ಲಿರುತ್ತದೆ ಎಂದೆನಲ್ಲ, ಅದನ್ನು ಈಗ ನೆನೆಯಿರಿ. ಆ ಆದೇಶಕ್ಕೆ ಹಿಂದಿನ ಸ್ವರ ಗೊತ್ತು, ಮುಂದಿನದು ಗೊತ್ತಿಲ್ಲ. ಗೊತ್ತಾಗುವುದು ಸಾಧ್ಯವೂ ಇಲ್ಲ, ಯಾಕೆಂದರೆ ಆ ಕೀಲಿಯನ್ನು ಇನ್ನೂ ಯಾರೂ ಒತ್ತಿಲ್ಲ. ಆದರೆ ದೊಡ್ಡತ್ತೆಯ ಗಾಂಧಾರ ತೂಗುವುದು ಬಂದ ದಾರಿಯಿಂದ ಮಾತ್ರವಲ್ಲ, ಹೋಗಬೇಕಾದ ಕಡೆಯಿಂದಲೂ. ಸುಬ್ಬರಾಮ ದೀಕ್ಷಿತರು 1904ರ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಸ್ವರಗಳಿಗೆ ಗಮಕದ ಚಿಹ್ನೆಗಳನ್ನು ಕೊಟ್ಟರು. ಆ ಚಿಹ್ನೆ ಬಲ್ಲವರಿಗೆ ನೆನಪು ಮಾಡುತ್ತದೆ, ಅರಿಯದವರಿಗೆ ಕಲಿಸುವುದಿಲ್ಲ. ನನ್ನ ಕಡತವೂ ಅಷ್ಟೇ. ಅದು ದೊಡ್ಡತ್ತೆಯ ಪ್ರಶ್ನೆಯ ಅರ್ಧವನ್ನು ಕೇಳಬಲ್ಲದು. ಉಳಿದ ಸ್ಯಾಂಪ್ಲರುಗಳನ್ನು ನಾನು ಬಳಸಿದ ರೀತಿಯಲ್ಲಿ ಆ ಅರ್ಧವೂ ಇರಲಿಲ್ಲ.

ಕೊನೆಗೆ ನಾಟಕಕ್ಕೆ ಮಾಡಿದ್ದಿಷ್ಟು. ಶ್ರುತಿ, ಬಿಡಿ ಮೀಟುಗಳು, ತಾಳದ ತಂತಿಯ ಝಣತ್ಕಾರ ಸ್ಯಾಂಪ್ಲರಿನಿಂದ ಬಂದವು. ಅಲ್ಲಿ ಸ್ವರ ನಿಲ್ಲುತ್ತದೆ, ಯಂತ್ರ ಮೋಸ ಮಾಡುವುದಿಲ್ಲ. ತಾಯಿ ಒಬ್ಬಳೇ ಕೂತಿರುವ ದೃಶ್ಯಕ್ಕೆ ತೋಡಿ ಬೇಕಿತ್ತು. ಅಲ್ಲಿ ಕೀಲಿಗೆ ಕಟ್ಟದೆ, ಕತ್ತರಿಸದೆ, ದೊಡ್ಡತ್ತೆ ನುಡಿಸಿದ ನಲವತ್ತು ಸೆಕೆಂಡನ್ನು ಹಾಗೇ ಬಿಟ್ಟೆವು. ದೃಶ್ಯ ಸಂಗೀತಕ್ಕೆ ಹೊಂದದಿದ್ದಾಗ ಸಂಗೀತವನ್ನು ಮುಟ್ಟಲಿಲ್ಲ, ನಟಿಯೇ ನಡಿಗೆಯನ್ನು ಬದಲಿಸಿಕೊಂಡಳು.

ಸ್ಯಾಂಪ್ಲರ್ ಆರಿಸಲು ಹೊರಟವರು ನನ್ನನ್ನು ಕೇಳಿದರೆ ಹೆಸರಿಗಿಂತ ಮೊದಲು ಮೂರು ಪ್ರಶ್ನೆ ಹೇಳುತ್ತೇನೆ. ನಿಮ್ಮ ಸಂಗೀತದಲ್ಲಿ ಸ್ವರ ನಿಲ್ಲುತ್ತದೆಯೋ, ನಡೆಯುತ್ತದೆಯೋ? ದನಿ ಹೊರಟ ಮೇಲೆ ನಿಮ್ಮ ಕೈಗೆ ಅದರಲ್ಲಿ ಜಾಗವಿದೆಯೋ? ಈ ಕಡತವನ್ನು ಇಪ್ಪತ್ತು ವರ್ಷದ ನಂತರ ಯಾರ ಅಪ್ಪಣೆಯೂ ಇಲ್ಲದೆ ತೆರೆಯಬಹುದೋ? ಪಿಯಾನೊ ಮಾತ್ರ ಬೇಕೆನ್ನುವವರಿಗೆ ಮೊದಲೆರಡು ಪ್ರಶ್ನೆ ಬಾಧಿಸುವುದಿಲ್ಲ, ಅವರು ಸುಖಿಗಳು. ಗಳಿಕೆಯ ಕೆಲಸಕ್ಕೆ, ದಿನಕ್ಕೆರಡು ಜಾಹೀರಾತು ಮುಗಿಸಬೇಕಾದವರಿಗೆ ಕಾಂಟ್ಯಾಕ್ಟ್ ಕೊಟ್ಟ ಹಣಕ್ಕೆ ಮೋಸವಿಲ್ಲ. ಮನೆಯ ಹಿರಿಯರ ಕೈಯನ್ನು ಉಳಿಸಿಕೊಳ್ಳಬೇಕೆನ್ನುವವರು ತೆರೆದ ಕಡತದಲ್ಲೇ ಉಳಿಸಲಿ.

ಧ್ವನಿಮುದ್ರಣದ ಕೊನೆಯ ದಿನ ದೊಡ್ಡತ್ತೆ ಕೇಳಿದ್ದರು: "ನಾನಿಲ್ಲದ ಮೇಲೂ ಇದು ನುಡಿಯುತ್ತೆ ಅಲ್ವಾ? ಯಾರು ಬೇಕಾದ್ರೂ ಏನು ಬೇಕಾದ್ರೂ ನುಡಿಸಬಹುದು?" ಹೌದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಿದ್ರೆ ಯಾರ ವೀಣೆ ಅಂತ ಬರೆದಿಡು. ಯಾವ ರಾಗದ್ದು ಅಂತಾನೂ ಬರೆದಿಡು" ಎಂದರು.

ಎಸ್‌ಎಫ್‌ಝಡ್ ಕಡತದಲ್ಲಿ ಎರಡು ಓರೆಗೆರೆ ಹಾಕಿ ಬರೆದ ಸಾಲನ್ನು ಯಂತ್ರ ಓದುವುದಿಲ್ಲ, ಮನುಷ್ಯರು ಓದಬಹುದು. ನಮ್ಮ ಕಡತದ ಮೊದಲ ಸಾಲುಗಳಲ್ಲಿ ಕನ್ನಡದಲ್ಲೇ ಅವರ ಹೆಸರಿದೆ, ಅವರ ಗುರುಗಳ ಹೆಸರಿದೆ, ವೀಣೆ ಮಾಡಿದ ಊರಿದೆ. ಕೆಳಗೆ ಪ್ರತಿ ಗಾಂಧಾರದ ಎದುರಿಗೂ ಅದು ಯಾವ ರಾಗದ್ದು, ಯಾವ ಸ್ವರದಿಂದ ಬಂದದ್ದು ಎಂದಿದೆ. 'ಬರೀ ಗಾಂಧಾರ' ಎಂಬ ಸಾಲು ಆ ಕಡತದಲ್ಲಿ ಇಲ್ಲ.